ಬಾಕಿ ಇದ್ದವರ ಬೀರು

ಬೀರುವಿನ ಕೀಲಿ ನನ್ನ ಸೊಂಟದಲ್ಲಿದೆ.
ಕಬ್ಬಿಣದ ಬೀರು, ಬೂದು ಬಣ್ಣ, ಎಡಗಾಲು ಗಿಡ್ಡ,
ಕೆಳಗೆ ಹಳೇ ಪ್ರಾಸ್ಪೆಕ್ಟಸ್ಸು ಮಡಿಸಿ ಕೊಟ್ಟಿದ್ದೇನೆ.
ಒಳಗೆ ಪಾಸಾದವರು ಮಲಗಿದ್ದಾರೆ
ಅಕ್ಷರಮಾಲೆಯ ಸಾಲಿನಲ್ಲಿ, ಪ್ಲಾಸ್ಟಿಕ್ಕು ಹೊದ್ದು,
ಚಿನ್ನದ ಮೊಹರು ಎದೆಯ ಮೇಲೆ.
ಫೀಸು ತೀರಿಸದೆ ಯಾರೂ ಏಳುವ ಹಾಗಿಲ್ಲ.

ಮ್ತಾತಾದಲ್ಲಿ ಸೋಮವಾರವೆಂದರೆ ಗಾಳಿ,
ಟ್ಯಾಕ್ಸಿ ನಿಲ್ದಾಣದ ಹಾರ್ನು, ನನ್ನ ಕಿಟಕಿಯೆದುರು ಸಾಲು.
ತಿಂಗಳ ಮೊದಲ ಸೋಮವಾರ ಲಿಂಡೆಲ್ವಾ ಬರುತ್ತಾಳೆ
ಮುನ್ನೂರು ರ‍್ಯಾಂಡು ಹಿಡಿದು.
ನೋಟಿಗೆ ಎಣ್ಣೆಯ ವಾಸನೆ:
ಬೆಳಗಿನ ನಾಲ್ಕಕ್ಕೆದ್ದು ಚಿಕ್ಕಮ್ಮನ ಜೊತೆ ಅಮಗ್ವಿನ್ಯ ಕರಿಯುತ್ತಾಳೆ,
ಹಿಟ್ಟಿನುಂಡೆ ಬಾಣಲೆಯಲ್ಲಿ ಉಬ್ಬುವುದನ್ನೇ ನೋಡುತ್ತ.
ಓದಿದ್ದು ಸಂಖ್ಯಾಶಾಸ್ತ್ರ.
ಯಾವ ವಾರ ಎಷ್ಟು ಖರ್ಚಾದೀತೆಂದು ಅವಳು ಹೇಳತೊಡಗಿದ ಮೇಲೆ
ಸಂಜೆಗೆ ಒಂದುಂಡೆಯೂ ಮಿಗುವುದಿಲ್ಲವಂತೆ.

ಕೆಲಸಕ್ಕೆ ಹೋದರೆ ಸರ್ಟಿಫಿಕೇಟು ತಾ ಅನ್ನುತ್ತಾರೆ.
ಸರ್ಟಿಫಿಕೇಟು ಕೇಳಿದರೆ ದುಡ್ಡು ತಾ ಅನ್ನುತ್ತೇನೆ. ನಾನೇ.
ದುಡ್ಡು ಬೇಕಾದರೆ ಕೆಲಸ.
ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.
ಗಾದೆ ಕಟ್ಟಿದವನೂ
ಯಾವುದೋ ಫೀಸಿನ ಕಿಟಕಿಯ ಮುಂದೆ ನಿಂತಿದ್ದಿರಬೇಕು.

"ನಲವತ್ತೆಂಟು ಸಾವಿರ, ಟಾಟಾ," ಅಂದಳು ಒಮ್ಮೆ,
"ಮುನ್ನೂರರಂತೆ ನೂರ ಅರವತ್ತು ತಿಂಗಳು.
ಬಡ್ಡಿ ಹಿಡಿಯದೆ ಹದಿಮೂರು ವರ್ಷ, ನಾಲ್ಕು ತಿಂಗಳು.
ಬಡ್ಡಿ ಹಿಡಿದರೆ ಎಂದೂ ಇಲ್ಲ."
ಪೆನ್ನು ಮುಟ್ಟಲಿಲ್ಲ, ಬೆರಳು ಮಡಿಸಲಿಲ್ಲ.
"ಇಷ್ಟು ಕಲಿಸಿದ್ದೂ ನಿಮ್ಮವರೇ. ಚೆನ್ನಾಗಿ ಕಲಿಸಿದರು."

ನನ್ನ ಹೆಸರು ಯಾವ ಬೀರುವಿನಲ್ಲೂ ಇಲ್ಲ.
ಎರಡನೇ ವರ್ಷಕ್ಕೆ ಬಿಟ್ಟೆ; ಅಣ್ಣ ಗಣಿಯಿಂದ ಕೆಮ್ಮು ತಂದ ವರ್ಷ.
ಬಿಟ್ಟದ್ದರಿಂದಲೇ ಈ ಕುರ್ಚಿ. ಇಪ್ಪತ್ತಾರು ವರ್ಷ.
ಪಿಂಚಣಿ ಉಂಟು. ಕೆಲವು ದಿನ
ನಾನೇ ಜಾಣ ಅನ್ನಿಸುತ್ತದೆ. ಕೆಲವು ದಿನ
ಸಾಲಿನಲ್ಲಿ ನಿಂತವರು ತಮ್ಮತಮ್ಮಲ್ಲೇ ಆಡುವ ಮಾತು
ಅರ್ಧಕ್ಕರ್ಧ ತಿಳಿಯದೆ
ಸುಮ್ಮನೆ ಮುದ್ರೆ ಒತ್ತುತ್ತೇನೆ.

ಈ ಸಲ ಕಿಟಕಿ ಮುಚ್ಚುವ ಹೊತ್ತಿಗೆ ಬಂದಳು.
"ಒಂದು ಸಲ ತೋರಿಸಿ. ಮುಟ್ಟುವುದಿಲ್ಲ."
ನಿಯಮದಲ್ಲಿ ಕೊಡಬಾರದು ಎಂದಿದೆ; ತೋರಿಸಬಾರದು ಎಂದಿಲ್ಲ.
ತೆರೆದೆ. ತೆಗೆದೆ. ಗಾಜಿಗೆ ಹಿಡಿದೆ.
ತುಂಬಾ ಹೊತ್ತು ಓದಿದಳು, ಹಸುಗೂಸಿನ ಮುಖದಲ್ಲಿ
ಯಾರ ಮೂಗೆಂದು ಹುಡುಕುವವರ ಹಾಗೆ.
ಆಮೇಲೆ ನಕ್ಕಳು.

"ಲಿಂಡೆವಾ ಅಂತಿದೆ, ಟಾಟಾ.
ಒಂದಕ್ಷರ ನುಂಗಿದ್ದೀರಿ."

ನೋಡಿದೆ. ಹೌದು.
ಲಿಂಡೆಲ್ವಾ ಅಂದರೆ ಕಾದು ಪಡೆದವಳು;
ಲಿಂಡೆವಾ ಅಂದರೆ ಏನೂ ಅಲ್ಲ.
ತಿದ್ದುಪಡಿಗೂ ಶುಲ್ಕವಿದೆ, ನಾನೂರ ಐವತ್ತು.
ಆ ಮಾತು ಗಂಟಲಿಗೆ ಬಂದಿತ್ತು.

"ಹಾಗಾದರೆ ಸಾಲ ಮಾಡಿದವಳು ಇವಳು," ಅಂದಳು,
"ಹುಡುಕಿ ಕೇಳಿ.
ಓದಿದವಳು ನಾನು. ಅದನ್ನು ಯಾವ ಬೀರುವಿನಲ್ಲಿಡುತ್ತೀರಿ?"
ಅಂದರೂ ಮುನ್ನೂರು ಎಣಿಸಿ
ಕಿಂಡಿಯೊಳಗೆ ತಳ್ಳಿದಳು. ರಸೀದಿ ಪಡೆದಳು.
ರಸೀದಿಯಲ್ಲಿ ಮಾತ್ರ
ಹೆಸರು ಸರಿಯಾಗಿತ್ತು.

ಮನೆಯಲ್ಲಿ ಸಿನಾಜೊ ಅಡುಗೆಮನೆಯ ಮೇಜಿನ ತುಂಬ
ಅರ್ಜಿ ಹರಡಿಕೊಂಡು ಕೂತಿದ್ದಳು; ಮೂರು ಕಾಲೇಜು, ಒಂದೇ ಪೆನ್ನು.
"ಹೋಗಲಾ ಟಾಟಾ? ಗಿಟ್ಟುತ್ತದಾ?"
ಇಪ್ಪತ್ತಾರು ವರ್ಷ ಬೇರೆಯವರ ಹಣ ಎಣಿಸಿದವನು ನಾನು.
ಕೂರುವಾಗ ಸೊಂಟದ ಕೀಲಿ ಕುರ್ಚಿಗೆ ತಾಗಿ ಸದ್ದಾಯಿತು.
ಚೌಕಕ್ಕೊಂದರಂತೆ ಅವಳು ತನ್ನ ಹೆಸರು ತುಂಬುತ್ತಿದ್ದಳು.
ಪಕ್ಕದಲ್ಲೇ ಕೂತು, ಬೆರಳಿಟ್ಟು,
ಒಂದೊಂದೇ ಅಕ್ಷರ ಎಣಿಸಿದೆ.